ಟ್ರಾಫಿಕ್ಕಿಗೆ ಮುಂಚೆ ಎದ್ದು ಹೋಗುವ ರೀಜಿಸ್ ಕೊವಾಲ್

ಪಿಟ್ಸ್‌ಬರ್ಗಿನ ಬಸ್ ಡಿಪೋದಲ್ಲಿ ಕೂತು, ಯಾವ ಬಸ್ಸು ಯಾವಾಗ ಹೊರಡಬೇಕು ಅಂತ ಹೇಳುತ್ತ ಹೇಳುತ್ತಲೇ ರೀಜಿಸ್ ಕೊವಾಲನ ತಲೆ ನೆರೆಯಿತು. ನಿವೃತ್ತನಾದ ಮೇಲೆ ಬಸ್ಸುಗಳೆಲ್ಲ ಕೈತಪ್ಪಿ ಹೋದವು, ಹೆಂಡತಿ ಲೊರೆಟಾ ಒಬ್ಬಳೇ ಉಳಿದಳು. ಅವಳು ಯಾವ ಬೀದಿ ಹಿಡಿದು ಮಾರ್ಕೆಟ್ಟಿಗೆ ಹೋಗಬೇಕು, ಮೀನಿನ ಅಂಗಡಿಯಲ್ಲಿ ಎಷ್ಟು ಹೊತ್ತು ನಿಲ್ಲಬಹುದು ಅನ್ನುವುದನ್ನೆಲ್ಲ ರೀಜಿಸ್ ತಾನೇ ವಹಿಸಿಕೊಂಡ.

"ನನ್ನ ಬೆನ್ನಿಗೊಂದು ರೂಟ್ ನಂಬರ್ ಅಂಟಿಸಿಬಿಡು, ನಿಂಗೂ ಸಲೀಸು" ಅಂದಳು ಲೊರೆಟಾ ಒಂದು ದಿನ. ರೀಜಿಸ್ ನಗಲಿಲ್ಲ. ಅವನಿಗೆ ಆ ಸಲಹೆಯಲ್ಲಿ ತಪ್ಪೇನೂ ಕಾಣಲಿಲ್ಲ.

ಅವನ ಪ್ರತಿಭೆ ಪೂರ್ತಿ ಅರಳುತ್ತಿದ್ದದ್ದು ಬೇಸ್‌ಬಾಲ್ ಪಂದ್ಯದ ದಿನ. ಕಾರು ಎಲ್ಲಿ ನಿಲ್ಲಿಸಬೇಕು, ಯಾವ ಗೇಟಿನಲ್ಲಿ ನುಗ್ಗಬೇಕು, ಯಾವಾಗ ಬಾತ್‌ರೂಮಿಗೆ ಹೋಗಬೇಕು, ಎಲ್ಲವೂ ಹಿಂದಿನ ವಾರವೇ ತೀರ್ಮಾನವಾಗಿರುತ್ತಿತ್ತು. ಇದಕ್ಕೆಲ್ಲ ಕಳಶವಿಟ್ಟಂತೆ ಏಳನೇ ಇನ್ನಿಂಗ್ಸ್ ಮುಗಿಯುತ್ತಿದ್ದಂತೆ ಅವನು ಎದ್ದು ನಿಲ್ಲುತ್ತಿದ್ದ. "ನಡೀರಿ, ಟ್ರಾಫಿಕ್ ಶುರುವಾಗೋದ್ರೊಳಗೆ ಸೇತುವೆ ದಾಟಿಬಿಡೋಣ." ಆಟಕ್ಕಿರುವುದು ಒಂಬತ್ತು ಇನ್ನಿಂಗ್ಸ್. ಆದರೆ ಕೊವಾಲ್ ಮನೆಯ ಮಕ್ಕಳು ಏಳೇ ಅಂದುಕೊಂಡು ಬೆಳೆದರು. ಮಗಳು ಶಾಲೆಯಲ್ಲಿ ಹಾಗೇ ಹೇಳಿ, ಇಡೀ ತರಗತಿಯೆದುರು ನಗೆಪಾಟಲಾಗಿ ಅಳುತ್ತ ಬಂದಿದ್ದಳು. "ಕೊನೇ ಎರಡರಲ್ಲಿ ಏನೂ ಇರಲ್ಲ ಪುಟ್ಟಿ, ಬರೀ ಜನ" ಅಂತ ರೀಜಿಸ್ ಸಮಾಧಾನ ಮಾಡಿದ್ದ.

ಆ ಜೂನಿನಲ್ಲಿ ಲೊರೆಟಾಳ ತಂಗಿ ಬರ್ನಡೆಟ್ ತನ್ನ ಹೊಸ ಗಂಡನನ್ನು ತೋರಿಸಲು ಕರೆತಂದಳು. ಅರವತ್ತು ದಾಟಿದ ಮೇಲೆ ಎರಡನೇ ಮದುವೆ. ಗಂಡ ಎಲ್ಡನ್, ಹಲ್ಲಿನ ಡಾಕ್ಟರಾಗಿದ್ದವನು. ಸಾಧು ಮನುಷ್ಯ. ಊರು ಮಾತ್ರ ಕ್ಲೀವ್‌ಲ್ಯಾಂಡ್, ಆಟದಲ್ಲಿ ಪಿಟ್ಸ್‌ಬರ್ಗಿನ ಹಳೇ ವೈರಿ. ಪಿಟ್ಸ್‌ಬರ್ಗಿನವರು ಏನನ್ನಾದರೂ ಕ್ಷಮಿಸಿಯಾರು, ಇದನ್ನು ಮಾತ್ರ ಸುಲಭಕ್ಕೆ ಕ್ಷಮಿಸುವುದಿಲ್ಲ. ಹಾಗಾಗಿ ಷಡ್ಡಕನಿಗೆ ಒಂದೇ ಭಾನುವಾರದಲ್ಲಿ ಇಡೀ ನಗರವನ್ನು ತೋರಿಸಿ, ಮಧ್ಯಾಹ್ನ ಪಂದ್ಯವನ್ನೂ ತೋರಿಸಿ, ಅವನು ಹುಟ್ಟಿದ ಊರಿನ ಬಗ್ಗೆ ಅವನಿಗೇ ಬೇಸರ ಬರುವಂತೆ ಮಾಡಬೇಕೆಂದು ರೀಜಿಸ್ ಪಣತೊಟ್ಟ.

ಬೆಳಿಗ್ಗೆ ಗುಡ್ಡದ ಹಳಿಬಂಡಿ ಹತ್ತಿಸಿದ. ತುದಿಯಲ್ಲಿ ನಿಂತು ಮೂರು ನದಿ ಕೂಡುವ ಕಡೆ ಕೈಮಾಡಿದ. "ನೋಡಿದ್ಯಾ? ಸರಿ, ಇಳೀರಿ."

"ಒಂದು ಫೋಟೋ..." ಅಂದ ಎಲ್ಡನ್.

"ಇಳೀತಾ ತೆಗ್ಯೋಕಾಗಲ್ವೇನಯ್ಯಾ?"

ಸ್ಯಾಂಡ್‌ವಿಚ್ ಅಂಗಡಿಯಲ್ಲಿ ಬ್ರೆಡ್ಡಿನ ನಡುವೆ ಮಾಂಸ, ಕರಿದ ಆಲೂಗಡ್ಡೆ, ಎಲೆಕೋಸು ಎಲ್ಲ ಒಟ್ಟಿಗೆ ತುರುಕಿ ಕೊಟ್ಟರು. ಎಲ್ಡನ್ ಹಲ್ಲಿನ ಡಾಕ್ಟರಿಗೆ ತಕ್ಕ ಹಾಗೆ ಒಂದೊಂದು ತುತ್ತನ್ನೂ ಅಗಿದು ಅಗಿದು ನುಂಗುತ್ತಿದ್ದ. ರೀಜಿಸ್ ಎದುರು ನಿಂತು ಅವನ ದವಡೆಯನ್ನೇ ನೋಡುತ್ತಿದ್ದ, ಡಿಪೋದಲ್ಲಿ ಹೊರಡದ ಬಸ್ಸನ್ನು ನೋಡುತ್ತಿದ್ದ ಹಾಗೆ.

"ಪಾಪ, ಅವರನ್ನ ತಿನ್ನೋಕೆ ಬಿಡೋ" ಅಂದಳು ಲೊರೆಟಾ.

"ನಾನೇನು ಬಾಯಿ ಹಿಡ್ಕೊಂಡಿದೀನಾ?"

ಅಂತೂ ಹಳದಿ ಸೇತುವೆ ದಾಟಿ ಸ್ಟೇಡಿಯಂ ಸೇರಿದರು. ಊರಿನ ತಂಡ ಎಂದಿನಂತೆ ಸೋಲುವ ಹಾದಿಯಲ್ಲಿತ್ತು. ಏಳನೇ ಇನ್ನಿಂಗ್ಸ್ ಮುಗಿಯಿತು. ರೀಜಿಸ್ ಎದ್ದು ಪ್ಯಾಂಟಿನ ಹಿಂಭಾಗ ಕೊಡವಿಕೊಂಡ. "ನಡೀರಿ."

ಯಾರೂ ಏಳಲಿಲ್ಲ.

"ಆಟ ಇನ್ನೂ ಇದೆಯಲ್ಲ" ಅಂದ ಎಲ್ಡನ್, ಗಾಬರಿಯಿಂದ. ಬರ್ನಡೆಟ್ ಅವನ ತೋಳಿಗೆ ಇನ್ನಷ್ಟು ಒರಗಿಕೊಂಡಳು. ರೀಜಿಸ್ ಹೆಂಡತಿಯ ಕಡೆ ತಿರುಗಿದ.

ಲೊರೆಟಾ ಕಡಲೆಕಾಯಿ ಬಿಡಿಸುತ್ತಿದ್ದಳು. ತಲೆ ಎತ್ತಲೇ ಇಲ್ಲ. "ನೀ ಹೋಗು ರೀಜ್. ಮದುವೆಯಾದಾಗಿಂದ ನಾನು ಒಂದು ಪಂದ್ಯಾನೂ ಪೂರ್ತಿ ನೋಡಿಲ್ಲ. ಇವತ್ತು ನೋಡ್ತೀನಿ."

"ಆಮೇಲೆ ಕಾರು ಅಲ್ಲಾಡಲ್ಲ, ಹೇಳಿದೀನಿ."

"ಅಲ್ಲಾಡದಿದ್ರೆ ಕೂತಿರೋಣ. ಕಾರಲ್ಲಿ ಸೀಟಿದೆಯಲ್ಲ."

ಬಾಯಿಂದ ಬಂದ ಮಾತು, ಹಿಂದಕ್ಕೆ ತಗೊಂಡರೆ ಮರ್ಯಾದೆ ಪ್ರಶ್ನೆ. ರೀಜಿಸ್ ಹೊರಟೇಬಿಟ್ಟ. ಗೇಟಿನಲ್ಲಿದ್ದ ಹೆಂಗಸು "ಹೊರಗೆ ಹೋದ್ರೆ ಮತ್ತೆ ಒಳಗೆ ಬಿಡಲ್ಲ ಸಾರ್" ಅಂದಳು. "ನಂಗೆ ಬರೋ ಅಗತ್ಯ ಇಲ್ಲಮ್ಮ" ಅಂದ.

ಹೊರಗೆ ಬಂದ ಮೇಲೆ ಹೊಳೆಯಿತು. ರಸ್ತೆ ಖಾಲಿ, ಸೇತುವೆ ಖಾಲಿ, ಅವನು ಜೀವಮಾನವೆಲ್ಲ ಬಯಸಿದ್ದು ಕಣ್ಣೆದುರಿಗೇ ಇತ್ತು. ಆದರೆ ಕಾರಿನಲ್ಲಿ ಹೋಗಬೇಕಾದ ಉಳಿದ ಮೂವರು ಒಳಗಿದ್ದರು. ಟ್ರಾಫಿಕ್ಕನ್ನು ಸೋಲಿಸಿದವನು ಈಗ ಟ್ರಾಫಿಕ್ ಬರಲಿ ಅಂತ ಕಾಯಬೇಕಿತ್ತು.

ಸುಮ್ಮನೆ ನದಿಯ ದಂಡೆಗೆ ಇಳಿದ. ಸ್ಟೇಡಿಯಮ್ಮಿನ ಗೋಡೆಯ ಹಿಂದೆ ಓಡಾಡಲು ಹಾದಿಯಿದೆ. ನೀರಿನಲ್ಲಿ ಇಬ್ಬರು ಸಣ್ಣ ದೋಣಿಗಳಲ್ಲಿ ತೇಲುತ್ತ ರೇಡಿಯೋ ಹಾಕಿಕೊಂಡಿದ್ದರು. ಅವರ ರೇಡಿಯೋದಿಂದಲೇ ರೀಜಿಸ್‌ಗೆ ತಿಳಿಯಿತು: ಎಂಟನೆಯದರಲ್ಲಿ ಅಂತರ ಕಡಿಮೆಯಾಯಿತು, ಒಂಬತ್ತನೆಯದರಲ್ಲಿ ಇಬ್ಬರು ಓಟಗಾರರು ಮೈದಾನದಲ್ಲಿದ್ದಾರೆ, ಇನ್ನೊಂದು ಔಟಾದರೆ ಮುಗಿಯಿತು.

"ಬೇಡಪ್ಪ, ಈಗ ಬೇಡ" ಅಂದ ರೀಜಿಸ್. ಗೆಲ್ಲುವುದಾದರೆ ತಾನಿದ್ದಾಗಲೇ ಗೆಲ್ಲಬಾರದಿತ್ತೇ ಅನ್ನುವ ಸಂಕಟ ಅವನದು.

ಗೋಡೆಯಾಚೆ ಜನ ಒಮ್ಮೆಲೆ ಹುಯ್ಯಲಿಟ್ಟರು. ಚೆಂಡು ಗೋಡೆಯ ನೆತ್ತಿಯ ಮೇಲಿಂದ ಇಳಿದು, ಅವನ ಮುಂದಿನ ಹಾದಿಗೆ ಠಪ್ಪಂತ ಬಡಿದು, ಪುಟಿದು, ಅವನ ಕಿವಿಯನ್ನು ಸವರಿಕೊಂಡು ಹೋಗಿ ನದಿಗೆ ಬಿತ್ತು. ರೀಜಿಸ್ ಹಿಂದಕ್ಕೆ ನೆಗೆದ ರಭಸಕ್ಕೆ ಟೋಪಿಯೂ ಚೆಂಡಿನ ಹಿಂದೆಯೇ ಹೋಯಿತು. ದೋಣಿಯವರಿಬ್ಬರೂ ಚೆಂಡಿಗಾಗಿ ಕಿತ್ತಾಡಿದರು. ಟೋಪಿ ಯಾರಿಗೂ ಬೇಕಿರಲಿಲ್ಲ.

ಹೋಂ ರನ್! ಒಂದೇ ಹೊಡೆತಕ್ಕೆ ಮೂರು ರನ್, ಊರು ಗೆದ್ದಿತ್ತು. ರೀಜಿಸ್ ಕೊವಾಲ್ ಕೈಯೆತ್ತಿ ಕುಣಿದ. ತಬ್ಬಿಕೊಳ್ಳಲು ಯಾರೂ ಇಲ್ಲದೆ ದಂಡೆಯ ಕಂಬಿಯನ್ನೇ ತಬ್ಬಿಕೊಂಡ.

ಕಾರಿನ ಹತ್ತಿರ ಮೂವರೂ ಬಂದಾಗ ಎಲ್ಡನ್‌ನ ಗಂಟಲು ಒಡೆದುಹೋಗಿತ್ತು. ಕ್ಲೀವ್‌ಲ್ಯಾಂಡಿನವನು ಪಿಟ್ಸ್‌ಬರ್ಗಿಗಾಗಿ ಅಷ್ಟು ಕೂಗಿದ್ದ. "ಅಯ್ಯೋ ರೀಜಿಸ್, ನೀವು ನೋಡ್ಬೇಕಿತ್ತು, ಹೊಡೆದ ಅಂದ್ರೆ..."

"ನೀವು ಹೊಡೆದಿದ್ದು ನೋಡಿದ್ರಿ, ಅಷ್ಟೇ. ಬಿದ್ದಿದ್ದು ನೋಡ್ದೋನು ನಾನು!"

"ಸುಳ್ಳು" ಅಂದಳು ಲೊರೆಟಾ. ಆಮೇಲೆ ಅವನ ಬರಿದಾದ ತಲೆ, ಕೆಂಪಾದ ಕಿವಿ ನೋಡಿದಳು. ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು, ನಗುತ್ತ ನಗುತ್ತ ಕಾರಿನ ಬಾಗಿಲಿಗೆ ಒರಗಿದಳು.

ಅವನು ಹೇಳಿದಂತೆಯೇ ಕಾರು ಅಲ್ಲಾಡಲಿಲ್ಲ. ಮುಂದೆ ಹಾರ್ನು, ಹಿಂದೆ ಹಾಡು. ಹಿಂದಿನ ಸೀಟಿನಿಂದ ಬರ್ನಡೆಟ್ ಮುಂದಕ್ಕೆ ಬಾಗಿ, "ಭಾವ, ಎಲ್ಲಿ, ಆ ಚೆಂಡು ಬಿದ್ದ ಕತೆ ಇನ್ನೊಂದ್ಸಲ ಹೇಳಿ, ಮೊದ್ಲಿಂದ" ಅಂದಳು. ರೀಜಿಸ್ ಎಂಜಿನ್ ಆರಿಸಿ, ಸೀಟಿನಲ್ಲಿ ಪೂರ್ತಿ ಹಿಂದಕ್ಕೆ ತಿರುಗಿ ಕೂತ.