ಬ್ಯಾಡ ಅಂದಾರೇನು ರಾಚಪ್ಪ

ನಮ್ಮ ತಾಂಬಾದ ರಾಚಪ್ಪ ಓಣಿಯಲ್ಲಿ ಹೊರಟರೆ ಸಾಕು, ‘ಒಣಹಾಕಿದ ಮೆಣಸಿನಕಾಯಿ ಒಳಗ ತಗೀರೇ, ಬಂದಾ!’ ಅಂತ ನೆರೆಮನೆಯ ಹೆಣ್ಣುಮಕ್ಕಳು ಒಬ್ಬರಿಗೊಬ್ಬರು ಕೂಗಿ ಹೇಳುತ್ತಿದ್ದರು. ಯಾರದೋ ಕಟ್ಟೆಯ ಪೇಪರು, ಯಾರದೋ ತೋಟದ ನಿಂಬೆ, ಯಾರದೋ ಮೋಟರ್‌ಸೈಕಲ್ಲು, ಯಾವುದನ್ನೂ ಅವನು ಕೇಳಿ ಒಯ್ದವನಲ್ಲ. ತಡೆದರೆ, ‘ಅವರೇನು ಬ್ಯಾಡ ಅಂದಾರೇನು?’ ಎಂದು ನಿಂಬೆಯನ್ನು ಜೇಬಿಗಿಳಿಸುತ್ತಿದ್ದ. ಇಂಥ ಪುಣ್ಯಾತ್ಮ, ಬೇಡ ಎನ್ನದೆ ಸತ್ತವರ ಅಂಗಾಂಗಗಳನ್ನು ಸರಕಾರ ತಾನಾಗಿಯೇ ತೆಗೆದುಕೊಳ್ಳಬಹುದೇ ಎಂಬ ಚರ್ಚೆ ಟೀವಿಯಲ್ಲಿ ಬಂದ ದಿನ ಚಹಾದಂಗಡಿಯನ್ನೇ ನಡುಗಿಸಿದ. ‘ಸುಮ್ನಿದ್ರ ಒಪ್ಪಿದಂಗೇನು? ಬಾಯಿಬಿಟ್ಟು ಕೇಳಬೇಕು! ನನ್ನ ಕಣ್ಣಿಗಿ ಯಾರೂ ಕೈ ಹಚ್ಚಂಗಿಲ್ಲ!’ ಅಂಗಡಿಯ ಇಬ್ರಾಹಿಂಸಾಬ ಮೆಲ್ಲಗೆ, ‘ನಿನ್ನ ಹೊಟ್ಟ್ಯಾಗ ಹೊನ್ನವ್ವಕ್ಕನ ಕಿಡ್ನಿ ಐತೆಲ್ಲೋ ರಾಚಪ್ಪಣ್ಣ, ಅಕಿನ್ನ ಕೇಳಿದ್ದೇನು?’ ಎಂದ. ‘ಹೇಣ್ತಿನ್ನ ಏನ್ ಕೇಳೂದು? ದವಾಖಾನ್ಯಾಗ ಸಹಿ ಹಾಕು ಅಂದೆ, ಹಾಕಿದ್ಲು. ಅಕಿ ಬ್ಯಾಡ ಅಂದ್ಲೇನು?’ ಎಂದು ರಾಚಪ್ಪ ಅವನದೇ ಡಬ್ಬಿಯ ಬಿಸ್ಕೀಟನ್ನು ಬಾಯಿಗೆ ಹಾಕಿಕೊಂಡ. ಮೊನ್ನೆ ಎದೆನೋವು ಬಂದು ಅವನು ಸತ್ತಾಗ, ಕಣ್ಣಿನ ದವಾಖಾನಿಯವರು ಬಂದು ಹೊನ್ನವ್ವನ ಮುಂದೆ ಕುಳಿತು, ‘ಯಜಮಾನರ ಕಣ್ಣು ದಾನ ಕೊಡ್ತೀರೇನ್ರಿ ಅವ್ವಾರ?’ ಎಂದು ಕೇಳಿದರು. ಅವಳು ಅಳು ನಿಲ್ಲಿಸಿ, ಸೆರಗಿನಿಂದ ಮುಖ ಒರೆಸಿಕೊಂಡು ಅವರನ್ನೇ ನೋಡಿದಳು. ‘ಅವರು ಬ್ಯಾಡ ಅಂದಾರ್ರಿ, ಬಿಡ್ರಿ. ನಾ ಸತ್ತ ಮ್ಯಾಲ ನನ್ನ ಕಣ್ಣು ಒಯ್ರಿ. ನೀವು ಕೇಳಿದ್ರೆಲ್ಲ, ಸಾಕು. ಅವರೂ ಕಿಡ್ನಿಗಿ ಒಂದು ಮಾತು ಕೇಳಿದ್ರ ಕೊಡಾಕಿನ ಇದ್ನಿರಿ.’ ಸಂಜೆ ಮಂದಿ ಎತ್ತಿಕೊಂಡಾಗ ರಾಚಪ್ಪ ಕಡೆಯ ಸಲ ಹೊಸ್ತಿಲು ದಾಟಿದ, ಹೆಂಡತಿಯ ಕಿಡ್ನಿಯನ್ನು ಕೇಳದೆಯೇ ತೆಗೆದುಕೊಂಡು.