ಮುನಿವೆಂಕಟಪ್ಪನವರ ಕೇಬಲ್

ಗೆಳೆಯರೇ, ಇವತ್ತು ಲ್ಯಾಬಿನಲ್ಲಿ ಮುನಿವೆಂಕಟಪ್ಪನವರ ಮೇಲೆ ರೇಗಿಬಿಟ್ಟೆ. ನಂದಿದುರ್ಗ ಚಿನ್ನದ ಗಣಿಯಲ್ಲಿ ಪಂಪು ನೋಡಿಕೊಳ್ಳುವ ಅವರು, ನಾಳೆ ಗಣಿ ಮುಚ್ಚಿದರೂ ಕೈಯಲ್ಲೊಂದು ಕೆಲಸ ಇರಲಿ ಅಂತ ನನ್ನ ಹತ್ತಿರ ಕಂಪ್ಯೂಟರ್ ನೆಟ್‌ವರ್ಕಿಂಗ್ ಕಲಿಯುತ್ತಿದ್ದಾರೆ. ಕೇಬಲಿನೊಳಗೆ ಎಂಟು ಬಣ್ಣದ ತಂತಿಗಳಿರುತ್ತವೆ. ಎರಡೂ ತುದಿಯಲ್ಲಿ ಅವನ್ನು ಬಣ್ಣದ ಒಂದೇ ಕ್ರಮದಲ್ಲಿ ಜೋಡಿಸಬೇಕು. ಅವರದು ನಾಲ್ಕನೇ ಸಲವೂ ತಪ್ಪಿತ್ತು.

“ಕಣ್ಣು ಬಿಟ್ಟು ನೋಡಿ ಮಾಡ್ರೀ!” ಎಂದೆ.

ಅವರು ತಲೆ ತಗ್ಗಿಸಿದರು. ಪಕ್ಕದಲ್ಲಿ ಕಲಿಯುತ್ತಿದ್ದ ಕೋರಮಂಡಲ್ ಬಡಾವಣೆಯ ಹುಡುಗಿ ಸೆಲ್ವಿ ಕೇಬಲ್ ಈಸಿಕೊಂಡು ನೋಡಿದಳು.

“ಅಣ್ಣಾ, ಅಸುರು ಬಣ್ಣ ಇರ್ಬೇಕಾದ ಕಡೆ ಕಂದು ಆಕಿದ್ದೀರಲ್ಲ?”

“ನಂಗೆ ಎರಡೂ ಒಂದೇ ತರ ಕಾಣ್ತದಮ್ಮ. ಚಿಕ್ಕೋನಾಗಿದ್ದಾಗಿಂದ್ಲೂ ಅಂಗೇ. ಯೋಳುದ್ರೆ ಕ್ಲಾಸಿಂದ ಕಳಿಸ್ಬುಡ್ತಾರೇನೋ ಅಂತ ಸುಮ್ನಿದ್ದೆ.”

ಸೆಲ್ವಿ ಸ್ಟೂಲು ಹತ್ತಿರಕ್ಕೆ ಎಳೆದುಕೊಂಡು, “ನಾನ್ ಬಣ್ಣ ಯೋಳ್ತೀನಿ, ನೀವು ಜೋಡಿಸಿ” ಅಂದಳು. ಅವಳು ಒಂದೊಂದೇ ಬಣ್ಣ ಹೇಳಿ ತೋರಿಸಿದಂತೆ ಅವರ ದಪ್ಪ ಬೆರಳುಗಳು ತಂತಿಗಳನ್ನು ನೀಟಾಗಿ ಸಾಲು ಮಾಡಿದವು. ಟೆಸ್ಟರಿಗೆ ಸಿಕ್ಕಿಸಿದಾಗ ದೀಪ ಹತ್ತಿತು. ಅದರ ಬಣ್ಣವೂ ಅವರಿಗೆ ತಿಳಿಯಲಿಲ್ಲ.

“ಇದು ಕೆಂಪಾ, ಅಸುರಾ?”

“ಅಸುರು ಅಣ್ಣಾ, ಪಾಸು!”

ಅವರು ಅದನ್ನು ಬಿಚ್ಚಿ, ಮತ್ತೆ ಸಿಕ್ಕಿಸಿ, ಎರಡು ಸಲ ನೋಡಿ ಸಂತೋಷಪಟ್ಟರು. ಎಲ್ಲರೆದುರೇ ನಾನು ಕ್ಷಮೆ ಕೇಳಿದೆ.

“ಬುಡಿ ಮೇಡಂ, ನಾನೇ ಮೊದ್ಲು ಯೋಳ್ಬೇಕಿತ್ತು” ಎಂದರು.

ಈಗಿರುವ ತೊಂದರೆ ಬೇರೆ. ಕಣ್ಣು ಚೆನ್ನಾಗಿರುವ ಉಳಿದ ಹನ್ನೊಂದು ಜನವೂ ಪಕ್ಕದಲ್ಲಿ ಕೂತು ಬಣ್ಣ ಹೇಳಲು ತಮಗೂ ಒಬ್ಬರು ಬೇಕು ಅನ್ನುತ್ತಿದ್ದಾರೆ.