ಅಕ್ಕನನ್ನು ಬಾಣಂತಿ ಮಾಡಿದ್ದು

ಅಕ್ಕನ ಜೊತೆ ನಾನು ಮೊದಮೊದಲು ಒಂದು ದಿನವೂ ನಡೆಯಲು ಹೋಗಲಿಲ್ಲ. ಗೋಡೆ ಹಿಡಿಸಿ ಅವಳ ಕೈ ಎತ್ತಿಸಲೂ ಇಲ್ಲ. ಆಸ್ಪತ್ರೆಯವರು ನನಗೆ ಒಪ್ಪಿಸಿದ್ದು ಇವೆರಡೇ ಕೆಲಸ.

ಅಕ್ಕನನ್ನು ಕೊಟ್ಟಿದ್ದು ವೈ.ಎನ್.ಹೊಸಕೋಟೆ ಕಡೆಗೆ. ಎದೆಯ ಗಂಟಿಗೆ ಆಪರೇಷನ್ ಆಗಿ ಗಾಯ ಮಾಗಿದ ಮೇಲೆ ಕರೆಂಟ್ ಕೊಡಬೇಕು ಎಂದರು. ರೇಡಿಯೇಷನ್‌ಗೆ ನಮ್ಮಲ್ಲಿ ಹಾಗೇ ಹೇಳುವುದು. ಭಾನುವಾರ ಬಿಟ್ಟು ದಿನಾ ತುಮಕೂರಿಗೆ ಹೋಗಬೇಕು. ಅಷ್ಟು ದೂರದಿಂದ ಓಡಾಡಲಾಗದೆಂದು ಮಧುಗಿರಿಯ ನನ್ನ ಮನೆಗೆ ಕರೆತಂದೆ.

ನರ್ಸಮ್ಮ ನನಗೆ ಬಿಡಿಸಿ ಹೇಳಿದ್ದರು. ಬಿಸಿಲೇರುವ ಮುಂಚೆ ನಡೆಸಿ. ಆಮೇಲೆ ಗೋಡೆಗೆ ಬೆರಳೂರಿ, ಇರುವೆ ಹತ್ತುವ ಹಾಗೆ ಕೈಯನ್ನು ಮೇಲೆ ಮೇಲೆ ಹತ್ತಿಸಲಿ. ತಿಂಡಿ ತಿಂದು ಬಸ್ಸು ಹಿಡಿಯಿರಿ. ಬಂದು ಮಲಗಿ ಎದ್ದ ಮೇಲೆ ಮತ್ತೆ ಗೋಡೆ. ಮಿಷನ್ ಕೆಳಗೆ ಕೈಯನ್ನು ತಲೆಯ ಮೇಲಕ್ಕೆ ಎತ್ತಿಟ್ಟು ಮಲಗಬೇಕು, ಕೈ ಮರಗಟ್ಟಿದರೆ ಕರೆಂಟ್ ಕೊಡಲು ಆಗುವುದಿಲ್ಲ ಎಂದೂ ಹೇಳಿದ್ದರು. ನಾಲ್ಕನೇ ಕ್ಲಾಸಿಗೆ ಸ್ಕೂಲು ಬಿಟ್ಟವಳಾದರೂ ಇಷ್ಟು ನನಗೆ ಅರ್ಥವಾಗಿತ್ತು.

ಆಗ ನನ್ನ ಮಗಳಿಗೆ ಶಿರಾದಿಂದ ಒಂದು ಸಂಬಂಧ ಬಂದಿತ್ತು. ಅಕ್ಕನ ಕಾಯಿಲೆ ಗೊತ್ತಾದರೆ, ಮನೆತನದಲ್ಲೇ ಇದೆ ಎಂದು ಹಿಂದೆ ಸರಿಯುತ್ತಾರೆ ಎಂದು ಹೆದರಿದೆ. ಕೇಳಿದವರಿಗೆಲ್ಲ ಗರ್ಭಕೋಶದ ಆಪರೇಷನ್, ಇಂಜೆಕ್ಷನ್ನಿಗೆ ಓಡಾಡುತ್ತಿದ್ದೇವೆ ಎಂದೆ. ಬೀದಿಯಲ್ಲಿ ನಡೆಸಿದರೆ ನಾಲ್ಕು ಜನ ನಿಲ್ಲಿಸಿ ಮಾತಾಡಿಸುತ್ತಾರೆಂದು ಬಸ್‌ಸ್ಟ್ಯಾಂಡಿಗೂ ಆಟೋದಲ್ಲೇ ಕರೆದೊಯ್ದೆ. ಕೋಣೆಯೊಳಗಾದರೂ ಕೈ ಎತ್ತಿಸಬಹುದಿತ್ತು. ಎತ್ತಿದರೆ ನರಳುತ್ತಿದ್ದಳು, ನರಳಿದರೆ ಪಕ್ಕದ ಮನೆಗೆ ಕೇಳುತ್ತಿತ್ತು.

ಹಾಗಾಗಿ ಬಾಣಂತಿಯ ಹಾಗೆ ಇಟ್ಟುಬಿಟ್ಟೆ. ಕಿಟಕಿ ಮುಚ್ಚಿದೆ. ಕಿವಿಗೆ ಹತ್ತಿ ಇಟ್ಟು ತಲೆಗೆ ಬಟ್ಟೆ ಕಟ್ಟಿದೆ. ಬಿಸಿ ಅನ್ನ, ಮೆಣಸಿನ ಸಾರು ಕೋಣೆಗೇ ಒಯ್ದೆ. ನೀರಿನ ಚೊಂಬನ್ನೂ ಎತ್ತಲು ಬಿಡಲಿಲ್ಲ.

"ಬಾಣಂತನವೇನೋ ಚೆಂದಾಗ್ ಮಾಡ್ತಿದೀಯಾ, ಮಗೀನ ಎಲ್ಲಿ ಮಡಗಿದೀಯೇ?" ಎಂದು ಅಕ್ಕ ನಗುತ್ತಿದ್ದಳು. ಕೆಲವು ದಿನ ಬೆಳಿಗ್ಗೆ ಚಪ್ಪಲಿ ಮೆಟ್ಟಿಕೊಂಡು ಹೊಸಿಲ ಬಳಿ ನಿಂತಿರುತ್ತಿದ್ದಳು. ಇವತ್ತು ಬೇಡ, ಗಾಳಿ ಇದೆ ಎನ್ನುತ್ತಿದ್ದೆ. ಚಪ್ಪಲಿ ಬಿಡುತ್ತಿದ್ದಳು. ಆಸ್ಪತ್ರೆಯಲ್ಲಿ, ದಿನಾ ಮಾಡಿಸುತ್ತಿದ್ದೀರಾ ಎಂದು ಕೇಳಿದಾಗ ನಾನು ಹೂಂ ಎಂದೆ. ಅಕ್ಕ ನನ್ನ ಮುಖ ನೋಡಿ, ತಾನೂ ತಲೆಯಾಡಿಸಿದಳು.

ಒಂದು ದಿನ ಒಳಗೆ ಹೋದವಳನ್ನು ಬೇಗನೆ ಹೊರಗೆ ಕಳಿಸಿದರು. ಬಲಗೈ ಭುಜದಿಂದ ಮೇಲಕ್ಕೆ ಏರಲಿಲ್ಲವಂತೆ. ಹಿಡಿದು ಎತ್ತಲು ಹೋದರೆ ಕಿರುಚಿಕೊಂಡಳಂತೆ. ಕೈ ಸಡಿಲವಾಗುವವರೆಗೆ ಕರೆಂಟ್ ನಿಲ್ಲಿಸಬೇಕಾಯಿತು. ನಡುವೆ ಹೀಗೆ ಬಿಡಬಾರದು ಎಂದು ಡಾಕ್ಟರು ನನಗೇ ಹೇಳಿದರು. ಅಕ್ಕ ಅವರ ಹತ್ತಿರ, "ನನ್ ತಂಗೀನ ಬೈಬೇಡಿ ಸಾರ್, ನಾನೇ ಸೋಂಬೇರಿ. ಅವಳು ತಾಯಿಗಿಂತ ಹೆಚ್ಚಾಗ್ ನೋಡ್ಕೊಂಡವ್ಳೆ" ಎಂದಳು. ಕೊರಟಗೆರೆ ದಾಟುವವರೆಗೂ ನಾನು ಬಸ್ಸಿನ ಕಿಟಕಿಯ ಕಡೆಗೇ ಮುಖ ಮಾಡಿ ಕೂತಿದ್ದೆ.

ಆಮೇಲೆ ನಡೆಸಿದೆ, ಗೋಡೆ ಹತ್ತಿಸಿದೆ, ನರಳಿದರೂ ಬಿಡಲಿಲ್ಲ. ಮಿಷನ್ನಿಗೆ ಸಾಕಾಗುವಷ್ಟು ಕೈ ಏರಿತು, ಕರೆಂಟ್ ಮುಗಿಯಿತು. ಆದರೆ ಊರಿಗೆ ಹೋದ ಸ್ವಲ್ಪ ದಿನಕ್ಕೆ ಕಾಯಿಲೆ ಮರಳಿ ಬಂತು. ಕರೆಂಟ್ ಬಿಟ್ಟ ದಿನಗಳಿಂದಲೇ ಬಂತೋ ಇಲ್ಲವೋ ಡಾಕ್ಟರು ಹೇಳಲಿಲ್ಲ. ಕೇಳುವ ಧೈರ್ಯ ನನಗಿರಲಿಲ್ಲ. ಶಿರಾದ ಸಂಬಂಧ ಮಾತ್ರ ಕೂಡಿಬಂತು. ಮದುವೆಯಲ್ಲಿ ಅಕ್ಕ ಎಡಗೈಯಲ್ಲೇ ಅಕ್ಷತೆ ಹಾಕಿದಳು.

ಮೊನ್ನೆ ಅವಳ ಮನೆಗೆ ಹೋಗಿದ್ದೆ. ತಲೆ ಬಾಚಲು ಅವಳಿಂದ ಆಗುವುದಿಲ್ಲ. ಹಿಂದೆ ಕೂತು ಸಿಕ್ಕು ಬಿಡಿಸುತ್ತಿದ್ದೆ. "ನೀನು ಇನ್ನೊಂದ್ಸಲ ಬಾಣಂತನ ಮಾಡಿದ್ರೆ ಎದ್ ಓಡಾಡ್ಬುಡ್ತೀನಿ ಕಣೇ" ಎಂದಳು. ಬಾಚಣಿಗೆ ಕೆಳಗಿಟ್ಟೆ.

"ಅಕ್ಕಾ, ಅದು ಬಾಣಂತನ ಅಲ್ಲ. ಮಗಳ ಸಂಬಂಧ ತಪ್ಪೋಯ್ತದೆ ಅಂತ ನಿನ್ನ ಕೋಣೇಲಿ ಬಚ್ಚಿಟ್ಟಿದ್ದೆ. ನಿನ್ ಕೈ ಇಂಗಾಗಿದ್ದು ನನ್ನಿಂದ. ತಪ್ಪಾಯ್ತು ಕಣಕ್ಕ."